ಷರಾ

ಮರ ಎಣಿಸಲು ಪಾಲಿಕೆ ನನಗೆ ಕೊಟ್ಟದ್ದು
ಒಂದು ರಟ್ಟು, ಒಂದು ಡಬ್ಬಿ ಹಳದಿ ಬಣ್ಣ, ಮತ್ತೆ
ದರ್ಜಿಯವರ ಟೇಪು.
ಎದೆಮಟ್ಟಕ್ಕೆ ಅಳೀಬೇಕು ಅಂದರು.
ಯಾರ ಎದೆ ಅಂತ ಹೇಳಲಿಲ್ಲ.
ನಾನು ಗಿಡ್ಡಿ. ಹಾಗಾಗಿ ಶಹಾಬಜಾರದ ಮರಗಳೆಲ್ಲ
ದಫ್ತರದಲ್ಲಿ ತುಸು ದಪ್ಪ.

ಏಪ್ರಿಲ್. ಹನ್ನೊಂದಕ್ಕೇ ರಸ್ತೆ ಕಾದ ಹಂಚು.
ನಾಲ್ಕುನೂರ ಹದಿನೇಳು, ಬೇವು.
ಟೇಪು ಸುತ್ತಲಾಗಲಿಲ್ಲ:
ಸಸಿಯಿದ್ದಾಗ ಆಡು ಬಾಯಿ ಹಾಕದಿರಲೆಂದು
ತೊಡಿಸಿದ ಕಬ್ಬಿಣದ ಪಂಜರ
ಯಾರೂ ಬಿಚ್ಚಿರಲಿಲ್ಲ.
ತೊಗಟೆ ಸರಳನ್ನೇ ನುಂಗಿತ್ತು.
ತಗಡಿನ ಮೇಲೆ ದಾನಿಯ ಹೆಸರು ಅರ್ಧ ಉಳಿದಿತ್ತು:
‘...ಪ್ಪ ಅಂಡ್ ಸನ್ಸ್, ಕಿರಾಣಿ’.

‘ಯಾರದ್ರೀ ಈ ಗಿಡ?’
ಫಾರಮ್ಮಿನಲ್ಲಿ ಕಾಲಂ ಇದೆ, ಕೇಳಲೇಬೇಕು.
ಎದುರುಮನೆಯಾಕೆ ಅಂದಳು:
‘ಎಲಿ ಉದುರಿದ್ರ ಪಾಲಿಕೇದ್ದು. ನೆಳ್ಳ ನಮ್ದು.’
ತಂತಿಯವರು ಒಂದೇ ಬದಿ ತಲೆ ಬೋಳಿಸಿ ಹೋಗಿದ್ದರು.
ಬುಡಕ್ಕೆ ಯಾರೋ ಶಹಾಬಾದಿನ ಪರಸಿ ಕೂಡಿಸಿ
ಕಟ್ಟೆ ಮಾಡಿದ್ದರು, ನೀರಿಳಿಯಲು ಸಂದಿಲ್ಲದಂತೆ.
ಚಾ ಅಂಗಡಿಯ ಭಾಗಮ್ಮ ಮಾತ್ರ
ಒಂದು ಪರಸಿಯ ಮೂಲೆ ಒಡೆದು
ಗ್ಲಾಸು ತೊಳೆದ ನೀರು ಅಲ್ಲೇ ಚೆಲ್ಲುತ್ತಾಳೆ.
‘ಹನ್ನೊಂದು ವರ್ಷ ಸಕ್ರಿ ನೀರು ಕುಡದೂ
ಕಹಿ ಬಿಟ್ಟಿಲ್ಲ ನೋಡ್ರಿ.’

ಪಂಜರ ಕೊಯ್ಯಲು ಅರ್ಜಿ ಬರೆದೆ.
ಕಬ್ಬಿಣ ನಮ್ಮದಲ್ಲ, ಅಂದರು ಗಿಡದವರು.
ಗಿಡ ನಮ್ಮದಲ್ಲ, ಅಂದರು ಕಬ್ಬಿಣದವರು.
ಒಂದು ಸಂಜೆ ವೆಲ್ಡಿಂಗಿನ ಲಾಡ್ಲೇಸಾಬ
ಅಂಗಡಿ ಮುಚ್ಚಿ, ಕಟರ್ ಹಿಡಿದು ತಾನೇ ಬಂದ.
ಕಿಡಿ ತಾಗಬಾರದೆಂದು
ಗೋಣಿಚೀಲ ತೋಯಿಸಿ ತೊಗಟೆಗೆ ಸುತ್ತಿದ.
ಹೊರಗಿನ ಸರಳೆಲ್ಲ ಒಂದೊಂದೇ ಬಿದ್ದವು.
ನುಂಗಿದ ಮೂರನ್ನು ಹಾಗೇ ಬಿಟ್ಟ:
‘ಇವು ಈಗ ಅದರವೇ, ಅಕ್ಕಾರ.
ಕೀಳಾಕ ಹೋದ್ರ ಸಾಯ್ತದ.’
ಬಿದ್ದ ಕಬ್ಬಿಣ ಒಂಬತ್ತೂವರೆ ಕಿಲೊ.
ಸರಕಾರಿ ಮಾಲು. ತೂಗಿಸಿ ಒಪ್ಪಿಸಿದೆ, ರಸೀದಿ ಇದೆ.

ಮರುದಿನ ಟೇಪು ಸುತ್ತಿದೆ.
ಸುತ್ತಳತೆ: ನಾಲ್ಕಡಿ ಎರಡಿಂಚು, ಸರಳು ಸೇರಿ.
ಮಾಲೀಕರು: ಖಾಲಿ ಬಿಟ್ಟೆ.
ಷರಾದಲ್ಲಿ ಒಂದೇ ಗೆರೆಗೆ ಜಾಗ.
‘ಪರಸಿ ಇನ್ನೂ ಮೂರು ಎತ್ತಬೇಕು’ ಎಂದು ಬರೆದು
ಮುಂದೆ ನಡೆದೆ.

ನಾಲ್ಕುನೂರ ಹದಿನೆಂಟು ಬರೀ ಬೊಡ್ಡೆ.
ರಸ್ತೆ ಅಗಲವಾದಾಗಿನದು, ಗರಗಸದ ಗೀರು ಇನ್ನೂ ಹಾಗೇ.
ಎದೆಮಟ್ಟವೇ ಇಲ್ಲ.
ಮಂಡಿಯೂರಿ ಅಳೆದೆ.