ಯಾವ ಕೆರೆ

ಜೆ.ಸಿ. ರಸ್ತೆಯಲ್ಲಿ ಎಣ್ಣೆ ಕೇಳುವುದಕ್ಕೂ ವಿದ್ಯೆ ಬೇಕು.
"ಕ್ರೌನ್ ಆಯಿಲ್" ಎಂದೆ, ದೊಡ್ಡ ಮನುಷ್ಯನ ಹಾಗೆ.
ಪುಖರಾಜರು ರಸೀದಿ ಪುಸ್ತಕದಿಂದ ತಲೆಯೆತ್ತಲಿಲ್ಲ:
"ಮುಂದಿನದಕ್ಕೋ ಹಿಂದಿನದಕ್ಕೋ ಎರಡಕ್ಕೋ?
ಎಂಬತ್ತು-ತೊಂಬತ್ತೋ, ಎಪ್ಪತ್ತೈದು-ನೂರನಲವತ್ತೋ?
ಹಿಂದೆ ಲಿಮಿಟೆಡ್ ಸ್ಲಿಪ್ ಇದೆಯೋ?"
ಹನ್ನೊಂದು ವರ್ಷ ಜೊತೆಗಿದ್ದವಳ
ರಕ್ತದ ಗುಂಪು ಗೊತ್ತಿಲ್ಲದೆ
ಆಸ್ಪತ್ರೆಯ ಕಿಟಕಿಯಲ್ಲಿ ನಿಂತಂತಾಯಿತು.

ಫೋನಿನಲ್ಲಿ ಮುನಿಚೌಡಪ್ಪ ನಕ್ಕ.
"ಸಾದಾ ಡಿಫ್ರೆನ್ಸು ಸಾರ್, ಎಂಬತ್ತು-ತೊಂಬತ್ತೇ ಸಾಕು.
ಡಬ್ಬಿ ಮೇಲೆ ಜಿ.ಎಲ್. ಫೈವ್ ಅಂತ ಇರ್ಬೇಕು, ನೋಡ್ಕಳಿ.
ಮಿಕ್ಕಿದ್ದು ಗೇರ್‌ಬಾಕ್ಸಿಗೆ ಹುಯ್ಯಣ ಅಂತ ಮಾತ್ರ ಅನ್ಬೇಡಿ,
ಅದರೊಳಗೆ ಹಿತ್ತಾಳೆ ಐತೆ, ತಿಂದ್ಬಿಡತ್ತೆ."

ಸಿದ್ದಾಪುರದ ನರ್ಸರಿಗಳ ಸಾಲು ಮುಗಿಯುವಲ್ಲಿ ಅವನ ಶೆಡ್ಡು.
ಒಂದು ಕಡೆ ಕ್ರೋಟನ್ ಕುಂಡ, ಒಂದು ಕಡೆ ಬಿಚ್ಚಿಟ್ಟ ಆಕ್ಸಲ್ಲು,
ಎರಡಕ್ಕೂ ಬೆಳಿಗ್ಗೆ ಒಂದೇ ಪೈಪಿನ ನೀರು.
ಜೀಪಿನಡಿ ಮಲಗಿದ ಹುಡುಗ ಫೈರೋಜನಿಗೆ ಪಾಠ:
"ಮೊದಲು ಮೇಲಿನ ಬೋಲ್ಟು.
ತುಂಬೋ ಬಾಯಿ ಬಿಚ್ಚತ್ತೆ ಅಂತ ಗೊತ್ತಾದ ಮೇಲೆ
ಖಾಲಿ ಮಾಡೋ ಬಾಯಿಗೆ ಕೈ ಹಾಕು.
ಖಾಲಿ ಮಾಡ್ಕೊಂಡು ಕೂತೋರ್ನ ಬೇಕಾದಷ್ಟು ನೋಡಿದೀನಿ."

ಪಾನಕ್ಕೆ ಉದ್ದದ ಪೈಪು ಸಿಕ್ಕಿಸಿ ಜೋತುಬಿದ್ದರು ಇಬ್ಬರೂ.
ಮೇಲಿನದು ಕಿರುಚಿ ಬಿಟ್ಟಿತು. ಕೆಳಗಿನದು ಸುಮ್ಮನೆ.

ಕಪ್ಪು ಜೇನಿನ ಹಾಗೆ ಇಳಿಯಬೇಕಿತ್ತು.
ಇಳಿದದ್ದು ಹಾಲು ಹೆಚ್ಚಾದ ಕಾಫಿ.

"ಮೊನ್ನೆ ವಾಟರ್ ಸರ್ವಿಸ್ ಮಾಡಿಸಿದ್ದೆ ಅಷ್ಟೇ" ಎಂದೆ
ಯಾರೂ ಕೇಳುವ ಮೊದಲೇ.

ಅವನು ಎರಡು ಬೆರಳಲ್ಲಿ ತಿಕ್ಕಿ ನೋಡಿದ. ಮೂಸಿದ.
ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ
ಎರಡು ದಿನದ ಗಡ್ಡದಂತೆ ಕಬ್ಬಿಣದ ಹುಡಿ.
"ಇದು ಸವೆತ, ಇರ್ಲಿ ಬಿಡಿ. ಚೂರು ಬಂದಿದ್ರೆ ಅಳ್ಬೇಕಿತ್ತು."
ಬನಿಯನ್ ತುಂಡಿಗೆ ಕೈ ಒರೆಸುತ್ತ
ತೀರಾ ಮರ್ಯಾದೆಯಿಂದ ಕೇಳಿದ:
"ಯಾವ ಕೆರೆ, ಸಾರ್?"

ಕೆರೆಯಲ್ಲ, ಅಂಡರ್‌ಪಾಸು.
"ಅದೇ ಕೇಳಿದ್ದು."

ಕಾದ ಕಬ್ಬಿಣ ತಣ್ಣೀರಿಗೆ ಇಳಿದರೆ
ಒಳಗಿನ ಗಾಳಿ ಕುಗ್ಗಿ, ಉಸಿರು ಎಳೆದುಕೊಳ್ಳುತ್ತದಂತೆ;
ಸಣ್ಣ ನಳಿಕೆಯ ತುದಿಯಲ್ಲಿ ಏನಿದ್ದರೆ ಅದನ್ನು.
ನಾನೂ ಎಳೆದುಕೊಂಡಿದ್ದೆ ಆ ರಾತ್ರಿ.
ಯಾರಿಗೂ ಹೆರಿಗೆ ನೋವಿರಲಿಲ್ಲ, ಯಾರೂ ಸಾಯುತ್ತಿರಲಿಲ್ಲ,
ಚಿಕ್ಕಮ್ಮನ ಮನೆಯಿಂದ ಹಲಸಿನ ತೊಳೆ ಕಟ್ಟಿಸಿಕೊಂಡು ವಾಪಸು,
"ಸುತ್ತಿ ಹೋಗೋಣ, ಅವಸರ ಏನು?" ಎಂದಿದ್ದಳು ಹೈಮ.
ಆದರೆ ದಡದಲ್ಲಿ ಸಾಲಾಗಿ ನಿಂತ ಕಾರುಗಳು,
ಆಟೋ ಮೇಲೆ ಒರಗಿ ಬೀಡಿ ಸೇದುತ್ತ ನನ್ನನ್ನೇ ನೋಡಿದ ಒಬ್ಬ,
ಹನ್ನೊಂದು ವರ್ಷದಲ್ಲಿ ಒಂದು ಕಾಡು ಕಾಣದ
ನನ್ನ ನಾಲ್ಕೂ ಗಾಲಿ.
ಚಿಕ್ಕ ಗೇರು ಎಳೆದೆ.

ಅವಳು ಕಾಲು ಸೀಟಿನ ಮೇಲೆ ಮಡಿಚಿಟ್ಟು
ಡಬ್ಬಿಯನ್ನು ಮಡಿಲಲ್ಲಿ ಹಿಡಿದಳು.
ಆಚೆ ದಡಕ್ಕೆ ಏರುವಾಗ ಕನ್ನಡಿಯಲ್ಲಿ
ನಾನೆಬ್ಬಿಸಿದ ಅಲೆ ಗೋಡೆಗೆ ಬಡಿದು ತಿರುಗಿ
ಯಾರೋ ತಳ್ಳುತ್ತಿದ್ದ ಸ್ಕೂಟರನ್ನು ಮಲಗಿಸಿತು.
ಅವನು ನೀರಲ್ಲಿ ಏನನ್ನೋ ತಡಕುತ್ತಿದ್ದ.
ನಾನು ನಿಲ್ಲಿಸಲಿಲ್ಲ.
ಅವಳು ಹಿಂದೆ ತಿರುಗಿ ನೋಡಿದ್ದಷ್ಟೇ, ಮಾತಾಡಲಿಲ್ಲ.

ಇದನ್ನು ಮುನಿಚೌಡಪ್ಪನಿಗೆ ಹೇಳಲಿಲ್ಲ.

ಒಮ್ಮೆ ತೊಳೆಯಲು, ಒಮ್ಮೆ ಉಳಿಯಲು: ಎರಡು ಸಲ ತುಂಬಿದ.
"ತೂತಿನಂಚಿಗೆ ಬಂದು ತಾನೇ ಹನಿಸ್ಬೇಕು. ಅಷ್ಟೇ ಅಳತೆ."
ಹಳೇದನ್ನು ಸೆಂಟ್ರಿಂಗ್ ಹಲಗೆಗೆ ಬಳಿಯಲು
ಪಕ್ಕದ ಕಟ್ಟಡದವನು ಬಕೆಟ್ಟು ತಂದು ಒಯ್ದ.

ಲಾಲ್‌ಬಾಗಿನ ಮೂಲೆಯಲ್ಲಿ ತಿರುಗಿಸಿದೆ.
ಹೊರಗಿನ ಗಾಲಿಗೆ ದಾರಿ ಹೆಚ್ಚು, ಒಳಗಿನದಕ್ಕೆ ಕಡಿಮೆ.
ಇಬ್ಬರಿಗೂ ಒಂದೇ ಲೆಕ್ಕ ಹಿಡಿದರೆ ಟೈರು ಅಳುತ್ತದೆ.
ಈಗ ಸದ್ದಿಲ್ಲ.

ಸೀಗೆಪುಡಿ, ನಿಂಬೆ ಹೋಳು, ಪಾತ್ರೆ ಸೋಪು:
ಗಂಧಕದ ನಾತ ಬೆರಳಿನಿಂದ ಹೋಗುತ್ತಿಲ್ಲ.
ಅಡುಗೆಮನೆಯಲ್ಲಿ ಹೈಮ
"ಎಲ್ಲೋ ಮೊಟ್ಟೆ ಕೆಟ್ಟಿದೆ ಕಣ್ರೀ" ಎನ್ನುತ್ತ
ದೊಡ್ಡ ಪಾತ್ರೆಗೆ ನೀರು ಹಿಡಿದು
ಒಂದೊಂದನ್ನೇ ಇಳಿಬಿಡುತ್ತಿದ್ದಾಳೆ,
ಯಾವುದು ತೇಲುತ್ತದೋ ಎಂದು.