ಬಿಳಿಗುಡ್ಡೆಯ ನೀಲಿ

ಅಲುಗಬೇಡ ಮಗಾ, ಉಸಿರು ಹಿಡಿದುಕೋ ಅನ್ನುವುದು
ಹತ್ತೊಂಬತ್ತು ವರ್ಷದಿಂದ ನನ್ನ ಕಸುಬು.
ಹಾಸನದ ದೊಡ್ಡಾಸ್ಪತ್ರೆಯ ಎಕ್ಸ್‌ರೇ ಕೋಣೆ,
ಬಾಗಿಲಿಗೆ ಸೀಸದ ತಗಡು, ಒಳಗೆ ನಾನು.
ಮೂಳೆ ನೋಡುತ್ತೇನೆ, ಮುಖ ಮರೆಯುತ್ತೇನೆ.

ಈ ಮುಖ ಮಾತ್ರ ವರ್ಷದೊಳಗೆ ನಾಲ್ಕನೇ ಸಲ:
ಇಂಚರ, ಆರು ವರ್ಷ, ಮೊಸಳೆಹೊಸಹಳ್ಳಿ.
ಮೊದಲು ಮೊಣಕೈ, ಆಮೇಲೆ ಕೊರಳೆಲುಬು,
ಆಮೇಲೆ ಮತ್ತೆ ಅದೇ ಮೊಣಕೈ. ಈಗ ತೊಡೆ.
"ಏನಾಯ್ತವ್ವ?"
"ಏನೂ ಆಗ್ಲಿಲ್ಲ ಸಾ. ಮಗ್ಗುಲು ಬದಲಾಯ್ಸಿದ್ಲು, ಅಷ್ಟೇ."

ಏನೂ ಆಗದೆ ಯಾರ ತೊಡೆ ಮುರಿಯುತ್ತದೆ?
ರಾತ್ರಿ ಪಾಳಿಯ ಹುಡುಗ ಡಾಕ್ಟರು ಫಿಲಂ ಎತ್ತಿ ಹಿಡಿದ,
ಕೂಡಿಕೊಂಡ ಹಳೆಯ ಗೆರೆಗಳನ್ನು ಎಣಿಸಿದ,
ಅವಳತ್ತ ತಿರುಗಿ ನೋಡಿದ.
ಆ ನೋಟ ನನಗೆ ಗೊತ್ತು. ಮೂರನೇ ಸಲ ಬಂದಾಗ
ನಾನೂ ಹಾಗೇ ನೋಡಿದ್ದೆ. ಒಪ್ಪಿಕೊಳ್ಳಬೇಕು,
ಪೊಲೀಸ್ ಚೌಕಿಗೆ ಚೀಟಿ ಬರೆಯಲು
ಪೆನ್ನು ಹುಡುಕಿಕೊಟ್ಟವನು ನಾನೇ.

ಪುಟ್ಟಲಕ್ಷ್ಮಿ ಜಗಳ ಆಡಲಿಲ್ಲ.
ಆಲೂಗೆಡ್ಡೆ ಮಂಡಿಯಲ್ಲಿ ಬಿತ್ತನೆ ಆರಿಸುವವಳು;
ಉಗುರು ತಾಗಿದರೆ ಕೊಳೆಯುತ್ತದೆಂದು
ಬೆರಳ ತುದಿಯಲ್ಲಿ ಎತ್ತಿಡುವವಳು.
ಮಗಳನ್ನೂ ಹಾಗೇ ಎತ್ತಿದಳು ಸ್ಟ್ರೆಚರಿನಿಂದ ಟೇಬಲ್ಲಿಗೆ,
ಒಂದು ಅಂಗೈ ಬೆನ್ನಿನಡಿ, ಒಂದು ಸೊಂಟದಡಿ,
ಕಂಕುಳಿಗೆ ಕೈ ಹಾಕದೆ.
ಯಾರು ಕಲಿಸಿದರು ಅವಳಿಗೆ ಅದನ್ನು?

ಗುರುವಾರ ಬಂದರು ಫರ್ಹಾನಾ ಡಾಕ್ಟರು,
ಮಕ್ಕಳ ಮೂಳೆಯವರು. ಮೊದಲು ಫಿಲಂ ಕೇಳಲಿಲ್ಲ.
ಮಗುವಿನ ಮುಖ ಕಿಟಕಿಯ ಕಡೆ ತಿರುಗಿಸಿ
ಹೆಬ್ಬೆರಳಲ್ಲಿ ಕೆಳರೆಪ್ಪೆ ಸರಿಸಿದರು.
ಬಿಳಿ ಇರಬೇಕಾದ ಕಡೆ
ನೀಲಿಯಲ್ಲಿ ಅದ್ದಿ ತೆಗೆದ ಶಾಲೆಯ ಅಂಗಿಯ ಬಣ್ಣ.
ನಾಲ್ಕು ಸಲ ಮೂಳೆ ನೋಡಿದ್ದೆ ನಾನು.
ಕಣ್ಣು ನೋಡಿರಲಿಲ್ಲ.

ಆಮೇಲೆ ಅವರು ತಲೆ ಎತ್ತಿ
ತಾಯಿಯ ಕಣ್ಣನ್ನೂ ನೋಡಿದರು. ಸುಮ್ಮನಾದರು.
"ಚಿಕ್ಕಂದಿನಲ್ಲಿ ನಿಮಗೆ ಎಷ್ಟು ಸಲ?"
"ಲೆಕ್ಕ ಇಲ್ಲ ಮೇಡಂ. ನಾಟಿ ಕಟ್ಟಿಸ್ತಿದ್ರು, ಮೊಟ್ಟೆ, ಬಿದಿರ ದಬ್ಬೆ.
ನೆಟ್ಟಗೆ ನಡೆಯಕ್ಕೆ ಬರಲ್ಲ ಎಡವಟ್ಟು ಮುಂಡೇದು ಅಂತ
ಅವ್ವ ಹೊಡೀತಿದ್ಲು. ಬಿದ್ದಿದ್ದಕ್ಕೆ."

ಕಾಯಿಲೆಗೆ ಉದ್ದದ ಇಂಗ್ಲಿಷ್ ಹೆಸರು.
ಕನ್ನಡದಲ್ಲಿ, ಕಂಬಿ ಬಡಕಲಾದ ತಾರಸಿ ಎಂದರು.
ಗಾರೆ ಇದೆ, ಹಿಡಿದು ನಿಲ್ಲಿಸುವುದೇ ಹುಟ್ಟಿನಿಂದ ಸಾಲದು.
ಮೂರು ತಿಂಗಳಿಗೊಮ್ಮೆ ಡ್ರಿಪ್.
ತೊಡೆಯೊಳಗೆ ಒಂದು ಸರಳು: ಹಳೇ ರೇಡಿಯೋದ ಏರಿಯಲ್ ಥರ,
ಹುಡುಗಿ ಬೆಳೆದಂತೆ ಅದೂ ನೀಳುತ್ತದೆ.
ವಾಸಿಯಾಗುತ್ತದಾ ಎಂದು ಕೇಳಿದ್ದು ನಾನು, ಪುಟ್ಟಲಕ್ಷ್ಮಿ ಅಲ್ಲ.
"ಇಲ್ಲ. ಆದ್ರೆ ನಡೀತಾಳೆ."

ಹುಡುಗ ಡಾಕ್ಟರು ಚೀಟಿಯನ್ನು ನಾಲ್ಕಾಗಿ ಹರಿದು
ಬುಟ್ಟಿಗೆ ಹಾಕದೆ ತನ್ನ ಜೇಬಿಗೇ ಹಾಕಿಕೊಂಡ.

ಸಂಜೆ, ಬಾಗಿಲು ಹಾಕುವ ಹೊತ್ತಿಗೆ ಬಂದಳು.
"ನಂದೂ ಒಂದು ತೆಗೀರಿ ಸಾ."
ಬರೆದ ಚೀಟಿ ಇರಲಿಲ್ಲ. ತೆಗೆದೆ.
ಮೊಣಕಾಲ ಕೆಳಗೆ ಬಾಗಿ ಕೂಡಿದ ಮೂಳೆ,
ಕತ್ತಿಯ ಅಲಗಿನ ಹಾಗೆ ಮುಂದಕ್ಕೆ ಉಬ್ಬಿದ್ದು.
ಬೆಳಕಿನ ಪೆಟ್ಟಿಗೆಯ ಮುಂದೆ ನಿಂತು
ಒಂದೊಂದೇ ಗೆರೆಗೆ ಬೆರಳಿಟ್ಟಳು.
"ಇದು ಬಾವಿಕಟ್ಟೆ. ಇದು ದನ ಅಟ್ಟೋವಾಗ.
ಇದು ಗೊತ್ತಿಲ್ಲ.
ಇದು ಅವ್ವ."

ಫ್ಯಾನಿನ ಸದ್ದು. ಸ್ವಲ್ಪ ಹೊತ್ತು ಅದೇ.
"ಅವಳೂ ಸೊಟ್ಟ ನಡೀತಾಳೆ ಸಾ.
ಕಣ್ಣು... ನಾನು ಸರಿಯಾಗಿ ನೋಡಿಲ್ಲ ಯಾವತ್ತೂ.
ಕರ್ಕೊಂಡ್ ಬರ್ಲಾ?"

ಕರಕೊಂಡು ಬಾ ಅಂದೆ.
ಬೆಳಗ್ಗೆ ಬಾ, ಕಿಟಕಿಯಲ್ಲಿ ಬೆಳಕಿರುವಾಗ.