ಕೂದಲೆಳೆ ಜಾಗ

ಜಾಲಹಳ್ಳಿ ಕ್ರಾಸಿನಿಂದ ಪೀಣ್ಯದ ಒಳದಾರಿಗೆ
ಹದಿನೆಂಟು ನಿಮಿಷ ನಡಿಗೆ.
ಅಷ್ಟೂ ಹೊತ್ತು ಒಂದೇ ಮಾತು ಬಾಯಲ್ಲಿ ಉರುಳಿಸಿಕೊಂಡು ಬಂದೆ,
ಕಲ್ಲುಸಕ್ಕರೆಯ ಹಾಗೆ, ಕರಗಲಿಲ್ಲ:
ಸಾರ್, ನಾನು ಎರಡೂವರೆಗೆ ಹೊರಡಬೇಕು.

'ದಯವಿಟ್ಟು' ಮೊದಲೋ ಕೊನೆಗೋ?
ಸಂಬಳದ ಮಾತಿಗಿಂತ ಮುಂಚೆಯೋ, ಟೀ ಬಂದ ಮೇಲೋ?
ಷಡ್ಡಕ ರೇವಣ್ಣ ಹೇಳಿದ್ದ: ಮೊದಲು ಸೇರ್ಕೊಳಯ್ಯಾ,
ಕಾಲೂರಿದ ಮೇಲೆ ಕೈ ಚಾಚು.
ಹೋದ ಸಲ ಹಾಗೇ ಮಾಡಿದ್ದೆ.
ಎರಡು ತಿಂಗಳು, ಮೂರು ಮೆಮೊ,
ಒಂದು ಸಂಜೆ ಶಾಲೆಯ ಗೇಟಿನಲ್ಲಿ ಆಯಾ ಜೊತೆ
ಬ್ಯಾಗ್ ಅಪ್ಪಿಕೊಂಡು ಕೂತಿದ್ದ ಇಂಪನಾ.
ಅಳಲಿಲ್ಲ. 'ನಿನ್ ಮಿಷಿನ್ ಕೆಟ್ಟಿತ್ತಾ ಅಪ್ಪಾ?' ಅಂದಳು.
ಹೂಂ ಅಂದೆ.

ಲೋಕನಾಥ್ ಸಾರ್ ಮೊದಲು ನನ್ನ ಕೈ ನೋಡಿದರು, ಸರ್ಟಿಫಿಕೇಟ್ ಆಮೇಲೆ.
ಗ್ರೈಂಡಿಂಗಿನಲ್ಲಿ ಹದಿಮೂರು ವರ್ಷ. ಸರಿ.
ಸಂಬಳ, ಇಎಸ್‌ಐ, ಭಾನುವಾರದ ಓಟಿ. ಸರಿ.
ಇನ್ನೇನಾದ್ರೂ ಕೇಳೋದಿದ್ಯಾ?

ಕೇಳಿದೆ.
ಆರಕ್ಕೇ ಬರ್ತೀನಿ ಸಾರ್, ಎಂಟೂವರೆ ಗಂಟೆ ಪೂರ್ತಿ ಕೊಡ್ತೀನಿ,
ಮೂರೂ ಇಪ್ಪತ್ತಕ್ಕೆ ಶಾಲೆ ಬಿಡುತ್ತೆ.

'ಮನೇಲಿ ಹೆಂಗಸ್ರಿಲ್ವಾ?'
ಇದ್ದಾಳೆ ಸಾರ್. ಪುಷ್ಪಲತಾ. ಮೆಟ್ರೋ ಟಿಕೆಟ್ ಕೌಂಟರು,
ಎರಡರಿಂದ ಹತ್ತು.
ಚಿಲ್ಲರೆಗಾಗಿ ನೀವು ಯಾವತ್ತೋ ರೇಗಾಡಿದ್ದು
ಅವಳ ಮೇಲೇ ಇರಬಹುದು.
ಇದನ್ನು ಮಾತ್ರ ಹೇಳಲಿಲ್ಲ.

ಒಳಗೆ ಯಾರೋ ಬುಷ್‌ಗೆ ಶಾಫ್ಟ್ ಕೂಡಿಸುತ್ತಿದ್ದರು, ಸುತ್ತಿಗೆಯಲ್ಲಿ.
ಸದ್ದಿನಲ್ಲೇ ಗೊತ್ತಾಗುತ್ತೆ, ಬಿಗಿ ಅಂತ.
ಐಟಿಐನಲ್ಲಿ ಮೊದಲ ವಾರವೇ ಹೇಳಿಕೊಟ್ಟಿದ್ದರು:
ನಡುವೆ ಕೂದಲೆಳೆ ಜಾಗ ಬಿಡು, ಎಣ್ಣೆ ಓಡಾಡಬೇಕು.
ಬಿಡದಿದ್ದರೂ ತಿರುಗುತ್ತೆ,
ಒಂದು ದಿನ, ಒಂದೂವರೆ ದಿನ,
ಆಮೇಲೆ ಕಚ್ಚಿಕೊಳ್ಳುತ್ತೆ.
ಅವರಿಗೆ ಗೊತ್ತಿಲ್ಲದ್ದಲ್ಲ.

ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.
'ನೋಡೋಣ.'
ಇಲ್ಲ ಅನ್ನುವುದಕ್ಕೆ ಮರ್ಯಾದಸ್ಥರು ಇಟ್ಟ ಹೆಸರು.
ನಮಸ್ಕಾರ ಹೇಳಿ ಬಾಗಿಲ ತನಕ ಬಂದಿದ್ದೆ.

'ಆರಕ್ಕೆ ಶಟರ್ ಎತ್ತೋರು ಯಾರಯ್ಯಾ?
ಬೀಗದ ಕೈ ಒಂದೇ ಇರೋದು.'

ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ.
ಹೆಂಗಸರನ್ನು ಬಿಟ್ಟು ಬೀಗದ ಮಾತಿಗೆ ಬಂದಿದ್ದರು, ಅಷ್ಟೇ.
ಇನ್ನೊಂದು ಮಾಡಿಸಬಹುದು ಸಾರ್, ಅಂದೆ,
ದಾಸರಹಳ್ಳಿಯಲ್ಲಿ ಎಂಬತ್ತು ರೂಪಾಯಿ.

ಹೊರಗೆ ಬಂದಾಗ ಎರಡೂ ಐವತ್ತು.
ಓಡಿದೆ.